ಕಾಲ್ಚೆಂಡಿನ ತವರಿಗೊಂದು ಯಾತ್ರೆ

ಪರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಎರಡು ಮೂರು ತಿಂಗಳು ಇದ್ದು ಬರುವುದು ಈಗ ನಮ್ಮ ಅನೇಕ ಕುಟುಂಬಗಳಲ್ಲಿ ರೂಢಿಯಾಗಿದೆ. ಇಂಗ್ಲೆಂಡಿಗೆ ಹೋದವರು ಅಲ್ಲಿಯ ಅರಮನೆ, ಗೋಪುರ, ವಸ್ತುಸಂಗ್ರಹಾಲಯಗಳನ್ನು ಕಂಡು, ಥೇಮ್ಸ್ ನದಿಯ ದಂಡೆಯ ಮೇಲಿರುವ ಬಸವಣ್ಣನವರ ಪುತ್ಥಳಿಗೆ ಕೈಮುಗಿದು ಹಿಂದಿರುಗುತ್ತಾರೆ. ಅದೇ ನಾಡಿನಲ್ಲಿ ಇನ್ನೊಂದು ಯಾತ್ರಾಮಾರ್ಗವಿದೆ. ಅದರಲ್ಲಿ ಗುಡಿ ಗೋಪುರಗಳಿಲ್ಲ. ಹುಲ್ಲಿನ ಬಯಲು, ಒಂದು ಹಳ್ಳ, ಒಂದು ಕಾರ್ಖಾನೆಯ ನೆನಪು, ಒಬ್ಬ ಹೆಣ್ಣುಮಗಳ ಕಂಚಿನ ಮೂರ್ತಿ, ಇಷ್ಟೇ ಇವೆ. ಅದು ಕಾಲ್ಚೆಂಡಿನಾಟ ಹುಟ್ಟಿ ಬೆಳೆದ ಸ್ಥಳಗಳ ಮಾರ್ಗ.

ಆಟದ ಮಾತು ಹಿರಿಯರ ಪತ್ರಿಕೆಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಆಟದ ಚರಿತ್ರೆಯನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಯಲು ಯಾರದು, ಅಲ್ಲಿ ಕಾಲಿಡುವ ಅಧಿಕಾರ ಯಾರಿಗುಂಟು ಎಂಬ ಪ್ರಶ್ನೆಯೇ ಆ ಚರಿತ್ರೆಯ ಉದ್ದಕ್ಕೂ ಮತ್ತೆ ಮತ್ತೆ ಎದ್ದಿದೆ. ಅರಸ ಆಡಬೇಡವೆಂದ, ಪ್ರಜೆ ಆಡಿದ. ಸಿರಿವಂತ ಇದು ತನ್ನದೆಂದ, ನೇಕಾರ ಗೆದ್ದ. ಸಂಘದ ಹಿರಿಯರು ಹೆಣ್ಣಿಗೆ ಒಪ್ಪದೆಂದರು, ಹೆಣ್ಣುಮಕ್ಕಳು ಬೇರೆ ಬಯಲು ಹುಡುಕಿಕೊಂಡರು. ಕುಲ, ವೃತ್ತಿ, ಲಿಂಗಗಳ ಭೇದವನ್ನು ತೊಡೆಯಲು ಹೊರಟ ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಈ ಪ್ರಶ್ನೆ ಅಪರಿಚಿತವಾದುದಲ್ಲ.

ಮೂಲದ ಮಾತು

ಚೆಂಡನ್ನು ಕಾಲಿನಿಂದ ಒದೆಯುವುದು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಚೀನಾದಲ್ಲಿ ‘ತ್ಸು ಚು’ ಎಂಬ ಆಟವು ಎರಡು ಸಾವಿರ ವರ್ಷಗಳಿಗೂ ಹಿಂದೆ ಪ್ರಚಲಿತವಾಗಿತ್ತು. ಷಾನ್‌ಡಾಂಗ್ ಪ್ರಾಂತದ ಲಿನ್‌ಜಿ ಎಂಬ ಪ್ರಾಚೀನ ನಗರದ ಜನ ಅದನ್ನು ಆಡುತ್ತಿದ್ದರೆಂಬ ಉಲ್ಲೇಖ ಆ ದೇಶದ ಹಳೆಯ ಇತಿಹಾಸಗ್ರಂಥಗಳಲ್ಲಿ ದೊರೆಯುತ್ತದೆ. ಹಾನ್ ಅರಸರ ಕಾಲದಲ್ಲಿ ಅದು ಸೈನಿಕರ ದೇಹಸಾಧನೆಯ ಅಂಗವೂ ಆಗಿತ್ತು. ಜಗತ್ತಿನ ಕಾಲ್ಚೆಂಡಿನಾಟದ ಸಂಘವಾದ ಫಿಫಾ ೨೦೦೪ರಲ್ಲಿ ಇದನ್ನೇ ಈ ಬಗೆಯ ಆಟಗಳಲ್ಲಿ ಅತ್ಯಂತ ಪ್ರಾಚೀನವೆಂದು ಮನ್ನಿಸಿತು. ಚೀನಾದಿಂದ ಜಪಾನಿಗೆ ಹೋದ ಆಟ ಅಲ್ಲಿ ‘ಕೆಮಾರಿ’ ಎಂಬ ಹೆಸರು ಪಡೆಯಿತು. ಕ್ಯೋಟೋ ನಗರದ ಶಿಮೊಗಾಮೊ ದೇವಾಲಯದ ಆವರಣದಲ್ಲಿ ಪ್ರತಿ ವರ್ಷ ಜನವರಿ ೪ರಂದು ಅದನ್ನು ಇಂದಿಗೂ ಆಡಿ ತೋರಿಸುತ್ತಾರೆ. ಪುರಾತನ ಆಸ್ಥಾನದ ಉಡುಪು ತೊಟ್ಟವರು ವರ್ತುಲವಾಗಿ ನಿಂತು, ಜಿಂಕೆಯ ಚರ್ಮದ ಚೆಂಡು ನೆಲಕ್ಕೆ ಬೀಳದಂತೆ ಒಬ್ಬರಿಂದೊಬ್ಬರಿಗೆ ಒದೆಯುತ್ತಾರೆ. ಅಲ್ಲಿ ಸೋತವರೂ ಇಲ್ಲ, ಗೆದ್ದವರೂ ಇಲ್ಲ.

ಆದರೆ ಇಂದು ಜಗತ್ತೇ ಆಡುವ ಆಟ, ಅಂದರೆ ಬರೆದಿಟ್ಟ ನಿಯಮಗಳಿಗೆ ಒಳಪಟ್ಟ ಆಟ, ಇವುಗಳಿಂದ ನೇರವಾಗಿ ಇಳಿದು ಬಂದುದಲ್ಲ. ಅದರ ತವರು ಬ್ರಿಟನ್. ಆ ನಾಡಿನ ಹಳ್ಳಿ ಪೇಟೆಗಳಲ್ಲಿ ಮಧ್ಯಯುಗದಿಂದಲೂ ಚೆಂಡಿಗಾಗಿ ಊರಿಗೆ ಊರೇ ಸೆಣಸುವ ಒರಟು ಆಟವಿತ್ತು. ಆಳುವವರಿಗೆ ಅದು ಎಂದೂ ಹಿಡಿಸಲಿಲ್ಲ. ೧೩೧೪ರಲ್ಲಿ ಲಂಡನ್ನಿನ ಮೇಯರರು ದೊರೆಯ ಹೆಸರಿನಲ್ಲಿ ನಗರದೊಳಗೆ ಈ ಆಟವನ್ನು ನಿಷೇಧಿಸಿದರು. ಮುಂದೆ ಯುವಕರು ಬಿಲ್ವಿದ್ಯೆಯನ್ನು ಬಿಟ್ಟು ಚೆಂಡಿನ ಹಿಂದೆ ಓಡುವರೆಂಬ ಕಾರಣದಿಂದ ಅರಸರು ಮತ್ತೆ ಮತ್ತೆ ಆಜ್ಞೆ ಹೊರಡಿಸಿದರು. ಸ್ಕಾಟ್ಲೆಂಡಿನಲ್ಲಿ ೧೪೨೪ರಲ್ಲಿ ಮಾಡಿದ ಶಾಸನವು ಆಡಿದವನಿಗೆ ನಾಲ್ಕು ಪೆನ್ನಿ ದಂಡ ವಿಧಿಸಿತು. ಆ ಶಾಸನ ಪುಸ್ತಕದಿಂದ ತೆಗೆಯಲ್ಪಟ್ಟಿದ್ದು ೧೯೦೬ರಲ್ಲಿ!

ನಿಷೇಧಗಳ ಈ ಉದ್ದ ಸಾಲೇ ಜನ ಆಟವನ್ನು ಬಿಡಲಿಲ್ಲವೆಂಬುದಕ್ಕೆ ಸಾಕ್ಷಿ. ಬಿಟ್ಟಿದ್ದರೆ ಮತ್ತೆ ಮತ್ತೆ ನಿಷೇಧಿಸುವ ಅಗತ್ಯವೆಲ್ಲಿತ್ತು? ಆಜ್ಞೆ ಹೊರಡಿಸಿದ ಅರಮನೆಯೊಳಗೇ ಚೆಂಡು ನುಸುಳಿತ್ತು ಎಂಬುದು ಇನ್ನೊಂದು ವಿನೋದ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯಲ್ಲಿ ರಾಣಿಯ ಕೋಣೆಯ ಮಾಡಿನ ತೊಲೆಗಳ ಹಿಂದೆ ೧೯೭೦ರ ದಶಕದಲ್ಲಿ ಒಂದು ಪುಟ್ಟ ಚೆಂಡು ಸಿಕ್ಕಿತು. ಹಂದಿಯ ಮೂತ್ರಕೋಶದ ಸುತ್ತ ಚರ್ಮ ಹೊಲಿದು ಮಾಡಿದ ಅದು ೧೫೪೦ರ ಆಸುಪಾಸಿನದು. ಜಗತ್ತಿನಲ್ಲಿ ಉಳಿದು ಬಂದಿರುವ ಕಾಲ್ಚೆಂಡುಗಳಲ್ಲಿ ಅದೇ ಅತಿ ಹಳೆಯದೆನ್ನುತ್ತಾರೆ. ಸ್ಟರ್ಲಿಂಗಿನ ಸ್ಮಿತ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ಕಾಪಾಡಿಡಲಾಗಿದೆ.

ಊರೇ ಆಟವಾಡುವ ಆಶ್‌ಬೋರ್ನ್

ಆ ಹಳೆಯ ಆಟವನ್ನು ಪುಸ್ತಕದಲ್ಲಲ್ಲ, ಕಣ್ಣಾರೆ ಕಾಣಬೇಕೆನ್ನುವವರು ಡರ್ಬಿಷೈರ್ ಪ್ರಾಂತದ ಆಶ್‌ಬೋರ್ನ್ ಎಂಬ ಸಣ್ಣ ಪೇಟೆಗೆ ಹೋಗಬೇಕು. ಈಗ ಅಲ್ಲಿಗೆ ರೈಲು ಇಲ್ಲ. ಡರ್ಬಿ ನಗರದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಕ್ರೈಸ್ತರ ನಲವತ್ತು ದಿನಗಳ ಉಪವಾಸ ವ್ರತ ಆರಂಭವಾಗುವ ಬೂದಿ ಬುಧವಾರ ಮತ್ತು ಅದರ ಹಿಂದಿನ ಮಂಗಳವಾರ, ಈ ಎರಡು ದಿನ ಅಲ್ಲಿ ಆಟ ನಡೆಯುತ್ತದೆ. ಈಸ್ಟರ್ ಹಬ್ಬದಂತೆಯೇ ಈ ದಿನಗಳೂ ವರ್ಷ ವರ್ಷಕ್ಕೆ ಬದಲಾಗುತ್ತವೆ. ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಇಲ್ಲವೆ ಮಾರ್ಚಿ ಆರಂಭದಲ್ಲಿ ಬೀಳುತ್ತವೆ.

ಊರ ನಡುವೆ ಹರಿಯುವ ಹೆನ್‌ಮೋರ್ ಹಳ್ಳದ ಉತ್ತರಕ್ಕೆ ಹುಟ್ಟಿದವರದು ಮೇಲಿನವರ ಪಕ್ಷ, ದಕ್ಷಿಣಕ್ಕೆ ಹುಟ್ಟಿದವರದು ಕೆಳಗಿನವರ ಪಕ್ಷ. ಒಂದೊಂದು ಪಕ್ಷದಲ್ಲಿ ಇಂತಿಷ್ಟೇ ಜನರೆಂಬ ಲೆಕ್ಕವಿಲ್ಲ. ನೂರಾರು ಮಂದಿ ಇರುತ್ತಾರೆ. ಗುರಿಗಳೆರಡರ ನಡುವಿನ ಅಂತರ ಮೂರು ಮೈಲಿ. ಹಿಂದೆ ಸ್ಟರ್‌ಸ್ಟನ್ ಮತ್ತು ಕ್ಲಿಫ್ಟನ್ ಎಂಬಲ್ಲಿ ಹಿಟ್ಟಿನ ಗಿರಣಿಗಳಿದ್ದವು; ಅವು ಹೋಗಿ ಈಗ ಬೀಸುಗಲ್ಲುಗಳನ್ನು ಕೂಡಿಸಿದ ಕಟ್ಟೆಗಳು ಮಾತ್ರ ಇವೆ. ಚಳಿಗಾಲದ ತಣ್ಣೀರಿನಲ್ಲಿ ನಿಂತು ಆ ಬೀಸುಗಲ್ಲಿಗೆ ಚೆಂಡನ್ನು ಮೂರು ಸಲ ತಾಗಿಸಿದವನೇ ಗೋಲು ಹೊಡೆದವನು. ಚೆಂಡು ನೀರಿನಲ್ಲಿ ತೇಲಬೇಕೆಂದು ಅದರೊಳಗೆ ಕಾರ್ಕಿನ ಚೂರು ತುಂಬಿ, ಮೇಲೆ ಚಿತ್ರ ಬಿಡಿಸಿರುತ್ತಾರೆ. ಗೋಲು ಹೊಡೆದವನಿಗೆ ಆ ಚೆಂಡೇ ಬಹುಮಾನ. ಅದನ್ನು ಮನೆಯಲ್ಲಿ ಇಟ್ಟುಕೊಂಡು ಮಕ್ಕಳು ಮೊಮ್ಮಕ್ಕಳಿಗೆ ತೋರಿಸುವುದೇ ಅವನಿಗೆ ದೊಡ್ಡ ಮಾನ.

ಮಧ್ಯಾಹ್ನ ಎರಡು ಗಂಟೆಗೆ ಊರ ನಡುವಣ ಕಟ್ಟೆಯ ಮೇಲಿಂದ ಒಬ್ಬ ಗಣ್ಯರು ಚೆಂಡನ್ನು ಜನಸಮೂಹದೊಳಕ್ಕೆ ಎಸೆಯುತ್ತಾರೆ. ರಾತ್ರಿ ಹತ್ತರವರೆಗೂ ಆಟ ನಡೆಯಬಹುದು. ೧೯೨೮ರಲ್ಲಿ ಅಂದಿನ ಯುವರಾಜರೇ ಬಂದು ಚೆಂಡು ಎಸೆದರು. ಒಂದು ಕಾಲಕ್ಕೆ ಅರಸರು ದಂಡ ವಿಧಿಸಿದ ಆಟಕ್ಕೆ ಅಂದಿನಿಂದ ರಾಜಮನ್ನಣೆಯ ಬಿರುದು! ಅಂಗಡಿಗಳವರು ಆ ಎರಡು ದಿನ ಕಿಟಕಿಗಳಿಗೆ ಹಲಗೆ ಬಡಿದು ಭದ್ರಪಡಿಸುತ್ತಾರೆ. ನಿಯಮಗಳು ಕೆಲವೇ: ಕೊಲೆ ಕೂಡದು, ಚೆಂಡನ್ನು ವಾಹನದಲ್ಲಿ ಸಾಗಿಸಕೂಡದು, ಬಟ್ಟೆಯಲ್ಲೋ ಚೀಲದಲ್ಲೋ ಬಚ್ಚಿಡಕೂಡದು, ಚರ್ಚಿನ ಅಂಗಳವನ್ನೂ ಸ್ಮಶಾನವನ್ನೂ ಹೊಗಕೂಡದು.

ನೋಡಲು ಹೋದವರು ಗುಂಪಿನ ನೂಕಿಗೆ ಸಿಗದಂತೆ ದೂರದಲ್ಲಿ ನಿಲ್ಲುವುದು ಕ್ಷೇಮ. ಬಹಳ ಹೊತ್ತು ಚೆಂಡು ಕಣ್ಣಿಗೇ ಬೀಳುವುದಿಲ್ಲ. ಮನುಷ್ಯರ ಒಂದು ದೊಡ್ಡ ಮುದ್ದೆಯಿಂದ ಚಳಿಯಲ್ಲಿ ಹಬೆ ಏಳುವುದಷ್ಟೇ ಕಾಣುತ್ತದೆ. ಒಮ್ಮೆಲೆ ಆ ಮುದ್ದೆ ಒಡೆದು, ಯಾರೋ ಒಬ್ಬ ಹೊಲದ ಕಡೆಗೆ ಓಡುತ್ತಾನೆ. ಊರಿಗೆ ಊರೇ ಅವನ ಹಿಂದೆ. ನಮ್ಮ ಕಡೆ ಓಕುಳಿಯ ದಿನ ಊರಿನ ಹಿರಿಯ ಕಿರಿಯರೆಂಬ ಭೇದ ಅಳಿಯುವಂತೆ ಅಲ್ಲಿಯೂ ಆ ಎರಡು ದಿನ ಒಡೆಯ ಆಳೆಂಬ ಭೇದ ಅಳಿಯುತ್ತದೆ. ಇಂಥ ಆಟಗಳು ಒಂದು ಕಾಲಕ್ಕೆ ಆ ನಾಡಿನ ಎಷ್ಟೋ ಊರುಗಳಲ್ಲಿದ್ದವು. ೧೮೩೫ರ ಹೆದ್ದಾರಿ ಕಾಯಿದೆ ರಸ್ತೆಯ ಮೇಲೆ ಕಾಲ್ಚೆಂಡಾಡುವವರಿಗೆ ದಂಡ ಹಾಕಿತು; ಊರೊಟ್ಟಿನ ಬಯಲುಗಳಿಗೆ ಬೇಲಿ ಬಿದ್ದವು. ಬಹಳಷ್ಟು ಕಡೆ ಆಟ ಅಡಗಿತು. ಆಶ್‌ಬೋರ್ನ್ ಉಳಿಸಿಕೊಂಡಿತು.

ಇಳಿಜಾರಿನ ಮೈದಾನ

ಬೀದಿಯಿಂದ ಓಡಿಸಲ್ಪಟ್ಟ ಆಟ ಸಿರಿವಂತರ ಮಕ್ಕಳು ಓದುವ ಶಾಲೆಗಳಲ್ಲಿ ಆಶ್ರಯ ಪಡೆಯಿತು. ಆದರೆ ಶಾಲೆಗೊಂದು ಬಗೆ. ಒಂದೆಡೆ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಇನ್ನೊಂದೆಡೆ ಕೂಡದು. ಒಂದೆಡೆ ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವುದು ಧರ್ಮ, ಇನ್ನೊಂದೆಡೆ ಅಧರ್ಮ. ಬೇರೆ ಬೇರೆ ಶಾಲೆಯವರು ಒಂದೆಡೆ ಕಲೆತಾಗ ಆಡುವುದೇ ಕಷ್ಟವಾಗುತ್ತಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ೧೮೪೮ರಲ್ಲಿ ಕುಳಿತು ಸಾಮಾನ್ಯ ನಿಯಮಗಳನ್ನು ಬರೆದದ್ದು ಈ ಕಷ್ಟದ ಪರಿಹಾರಕ್ಕಾಗಿಯೇ. ಅವರು ಆಡುತ್ತಿದ್ದ ಪಾರ್ಕರ್ಸ್ ಪೀಸ್ ಎಂಬ ಹುಲ್ಲುಬಯಲು ಇಂದೂ ಊರ ನಡುವೆ ತೆರೆದೇ ಇದೆ. ಅದಕ್ಕೆ ಬೇಲಿಯೂ ಇಲ್ಲ, ಪ್ರವೇಶಧನವೂ ಇಲ್ಲ.

ಆದರೆ ಶಾಲೆ ಕಾಲೇಜುಗಳ ಹೊರಗೆ ಆಟಕ್ಕೊಂದು ಮನೆ ಕಟ್ಟಿಕೊಟ್ಟ ಊರು ಶೆಫೀಲ್ಡ್. ಚಾಕು, ಕತ್ತರಿ, ಉಕ್ಕಿನ ಕಸುಬಿಗೆ ಹೆಸರಾದ ಆ ನಗರದಲ್ಲಿ ೧೮೫೭ರ ಅಕ್ಟೋಬರ್ ೨೪ರಂದು ನಥಾನಿಯೆಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಎಂಬಿಬ್ಬರು ಒಂದು ಕಾಲ್ಚೆಂಡು ಸಂಘವನ್ನು ಸ್ಥಾಪಿಸಿದರು. ಶೆಫೀಲ್ಡ್ ಸಂಘವೆಂಬ ಹೆಸರಿನಿಂದಲೇ ಇಂದಿಗೂ ಬಾಳುತ್ತಿರುವ ಅದು ಜಗತ್ತಿನ ಅತ್ಯಂತ ಹಳೆಯ ಕಾಲ್ಚೆಂಡು ಸಂಘವೆಂದು ಫಿಫಾದಿಂದ ಮನ್ನಣೆ ಪಡೆದಿದೆ. ಆದರೆ ಹಿರಿತನ ಹಣ ತಂದುಕೊಡಲಿಲ್ಲ. ಕೆಳಗಿನ ದರ್ಜೆಯ ಪಂದ್ಯಗಳಲ್ಲಿ ಆಡುವ ಈ ಸಂಘವು ೨೦೧೧ರಲ್ಲಿ ತನ್ನ ಮೂಲ ನಿಯಮಗಳ ಹಸ್ತಪ್ರತಿಯನ್ನೂ ಹಳೆಯ ಕಡತಗಳನ್ನೂ ಹರಾಜಿಗಿಟ್ಟಿತು. ಎಂಟು ಲಕ್ಷ ಎಂಬತ್ತು ಸಾವಿರ ಪೌಂಡಿಗೂ ಮಿಗಿಲಾದ ಬೆಲೆಗೆ ಅವು ಪರರ ಕೈ ಸೇರಿದವು. ಬದುಕುಳಿಯಲು ಹುಟ್ಟಿದ ದಿನದ ಪತ್ರವನ್ನೇ ಮಾರಿದಂತಾಯಿತು. ಮಠಗಳ ಓಲೆಗರಿಗಳ ಪಾಡನ್ನು ಬಲ್ಲವರಿಗೆ ಈ ಸಂಕಟ ಅರ್ಥವಾಗುತ್ತದೆ.

ಶೆಫೀಲ್ಡಿನ ಪಶ್ಚಿಮದ ಏರಿನಲ್ಲಿ ಕ್ರಾಸ್‌ಪೂಲ್ ಎಂಬ ಬಡಾವಣೆಯಿದೆ. ಅಲ್ಲಿಯ ಸ್ಯಾಂಡಿಗೇಟ್ ಮೈದಾನವು ಹ್ಯಾಲಂ ಎಂಬ ಸಂಘದ ನೆಲೆ. ೧೮೬೦ರ ಡಿಸೆಂಬರ್ ೨೬ರಂದು ಹ್ಯಾಲಂ ಮತ್ತು ಶೆಫೀಲ್ಡ್ ಸಂಘಗಳು ಇಲ್ಲಿ ಎದುರಾದವು. ಎರಡು ಕಾಲ್ಚೆಂಡು ಸಂಘಗಳ ನಡುವೆ ನಡೆದ ಮೊದಲ ಪಂದ್ಯವೆಂದು ಅದನ್ನು ಗಣಿಸುತ್ತಾರೆ. ಅಂದಿನ ಆ ನೆಲದಲ್ಲೇ ಇಂದೂ ಪಂದ್ಯಗಳು ನಡೆಯುತ್ತವೆ. ಜಗತ್ತಿನ ಅತ್ಯಂತ ಹಳೆಯ ಕಾಲ್ಚೆಂಡು ಮೈದಾನವೆಂಬ ದಾಖಲೆ ಅದರದು. ನೆಲ ಸಮತಟ್ಟಾಗಿಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ಸ್ಪಷ್ಟವಾಗಿ ಇಳಿಯುತ್ತದೆ. ಭವ್ಯ ಕ್ರೀಡಾಂಗಣಗಳನ್ನು ಕಂಡು ಬಂದವರು ಆ ಇಳಿಜಾರಿನ ಅಂಚಿನಲ್ಲಿ ನಿಂತರೆ ಬಹಳ ಸಾಮಾನ್ಯವೆನಿಸಬಹುದು. ಎಷ್ಟೋ ಕೋಟಿ ಜನರನ್ನು ಕುಣಿಸುವ ಆಟಕ್ಕೆ ಮೊದಲ ಅಂಗಳ ಇಷ್ಟೇ ಸಾಕಾಗಿತ್ತು.

ಒದೆಯದಿರುವ ಒಪ್ಪಂದ

ಕಾಲಕ್ರಮದಲ್ಲಿ ಮುಂದಿನ ನಿಲ್ದಾಣ ಲಂಡನ್. ಬಾರ್ನ್ಸ್ ಎಂಬ ಊರಿನ ವಕೀಲ ಎಬೆನೆಜರ್ ಕಾಬ್ ಮಾರ್ಲಿ, ಎಲ್ಲರಿಗೂ ಒಂದೇ ನಿಯಮವಿರಬೇಕೆಂದು ಪತ್ರಿಕೆಗೆ ಬರೆದು, ಸಂಘಗಳ ಪ್ರತಿನಿಧಿಗಳನ್ನು ಕೂಡಿಸಿದನು. ೧೮೬೩ರ ಅಕ್ಟೋಬರ್ ೨೬ರಂದು ಗ್ರೇಟ್ ಕ್ವೀನ್ ಬೀದಿಯ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಛತ್ರದಲ್ಲಿ ಮೊದಲ ಸಭೆ. ಡಿಸೆಂಬರಿನವರೆಗೆ ಆರು ಸಭೆಗಳು ನಡೆದು ಹದಿಮೂರು ನಿಯಮಗಳು ಸಿದ್ಧವಾದವು. ಆ ಹಳೆಯ ಕಟ್ಟಡ ಈಗಿಲ್ಲ. ಅದೇ ನಿವೇಶನದಲ್ಲಿ ಕನಾಟ್ ರೂಮ್ಸ್ ಎಂಬ ಸಭಾಭವನ ಎದ್ದಿದೆ.

ಆ ಸಭೆಗಳಲ್ಲಿ ಅತ್ಯಂತ ಬಿಸಿಯೇರಿದ ಚರ್ಚೆ ಒಂದೇ: ಎದುರಾಳಿಯ ಕಾಲಿಗೆ ಒದೆಯುವುದನ್ನು ಬಿಡಬೇಕೆ, ಉಳಿಸಬೇಕೆ? ಬಿಟ್ಟರೆ ಆಟದ ಪೌರುಷವೇ ಹೋಗುತ್ತದೆಂದು ಬ್ಲ್ಯಾಕ್‌ಹೀತ್ ಸಂಘದವರು ವಾದಿಸಿದರು. ಉಳಿಸಿದರೆ ತಿಳಿವಳಿಕೆ ಬಂದ ವಯಸ್ಸಿನವರು ಯಾರೂ ಆಡಲು ಬರುವುದಿಲ್ಲ, ಆಟ ಶಾಲಾಬಾಲಕರ ಪಾಲಾಗುತ್ತದೆ ಎಂಬುದು ಎದುರು ಪಕ್ಷದ ಉತ್ತರ. ಮರುದಿನ ಕಚೇರಿಗೋ ಅಂಗಡಿಗೋ ಹೋಗಿ ಕಾಯಕ ಮಾಡಬೇಕಾದವನು ಕಾಲು ಮುರಿದುಕೊಳ್ಳಲಾದೀತೇ ಎಂಬ ಸಾಮಾನ್ಯ ವಿವೇಕ ಆ ಉತ್ತರದ ಹಿಂದಿತ್ತು. ಕೊನೆಗೆ ಒದೆತ ನಿಷಿದ್ಧವಾಯಿತು. ಬ್ಲ್ಯಾಕ್‌ಹೀತ್‌ನವರು ಹೊರನಡೆದರು, ಅವರೂ ಅವರಂಥವರೂ ಸೇರಿ ೧೮೭೧ರಲ್ಲಿ ರಗ್ಬಿ ಆಟದ ಸಂಘವನ್ನು ಕಟ್ಟಿಕೊಂಡರು.

ಗಮನಿಸಬೇಕಾದ ವಿಷಯವೇನೆಂದರೆ, ಆ ಮೊದಲ ನಿಯಮಗಳಲ್ಲಿ ಒಂದು ಪಕ್ಷಕ್ಕೆ ಎಷ್ಟು ಜನ ಎಂಬ ಮಾತಿಲ್ಲ, ತೀರ್ಪುಗಾರನ ಮಾತಿಲ್ಲ, ಗೋಲಿನ ಕಂಬಗಳ ಮೇಲೆ ಅಡ್ಡಪಟ್ಟಿಯೂ ಇಲ್ಲ. ಬೂಟಿನ ಅಡಿಯಲ್ಲಿ ಮೊಳೆ ಹೊರಚಾಚಿರಬಾರದು, ಕೈಯಿಂದ ಎದುರಾಳಿಯನ್ನು ಹಿಡಿಯಬಾರದು, ತಳ್ಳಬಾರದು ಎಂಬ ಮಾತುಗಳಿವೆ. ಮಿಕ್ಕುದೆಲ್ಲ ಆಮೇಲೆ ಸೇರಿತು. ಮೊಟ್ಟಮೊದಲು ಒಪ್ಪಿಕೊಂಡದ್ದು ಪರರನ್ನು ನೋಯಿಸದಿರುವುದನ್ನು. ಆಟವು ಕಾದಾಟದಿಂದ ಬೇರೆಯಾದದ್ದು ಅಲ್ಲಿ. ಭಿನ್ನಮತದವರು ಒಂದೆಡೆ ಕುಳಿತು ಮಾತಿನಿಂದ ಒಮ್ಮತಕ್ಕೆ ಬರುವ ಪದ್ಧತಿಯ ಬೆಲೆಯನ್ನು ಅನುಭವ ಮಂಟಪದ ಮಕ್ಕಳಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಶೆಫೀಲ್ಡಿನವರು ತಮ್ಮ ಬೇರೆ ನಿಯಮಗಳನ್ನು ಇನ್ನೂ ಕೆಲಕಾಲ ಇಟ್ಟುಕೊಂಡಿದ್ದು, ೧೮೭೭ರಲ್ಲಿ ಲಂಡನ್ನಿನವರೊಡನೆ ಒಂದಾದರು. ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಮುಂತಾದವು ಶೆಫೀಲ್ಡಿನ ಕೊಡುಗೆಗಳು.

ಬಸವಣ್ಣನವರ ನೆರೆಯಲ್ಲಿ

ಥೇಮ್ಸ್ ದಂಡೆಯ ಬಸವೇಶ್ವರ ಪುತ್ಥಳಿ ಲ್ಯಾಂಬೆತ್ ಎಂಬ ನಗರಭಾಗದಲ್ಲಿದೆ. ಭಾರತದ ಪ್ರಧಾನಿಗಳು ೨೦೧೫ರ ನವೆಂಬರಿನಲ್ಲಿ ಅದನ್ನು ಅನಾವರಣ ಮಾಡಿದರು. ಅಲ್ಲಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ, ಅದೇ ಲ್ಯಾಂಬೆತ್‌ನಲ್ಲಿ, ಕೆನ್ನಿಂಗ್ಟನ್ ಓವಲ್ ಮೈದಾನವಿದೆ. ನಮ್ಮವರು ಅದನ್ನು ಕ್ರಿಕೆಟ್ಟಿನಿಂದಷ್ಟೇ ಬಲ್ಲರು. ಆದರೆ ಕಾಲ್ಚೆಂಡಿನ ಬಾಗಿಲು ಜನಸಾಮಾನ್ಯರಿಗೆ ತೆರೆದದ್ದು ಆ ಹುಲ್ಲಿನ ಮೇಲೆಯೇ.

ಎಫ್.ಎ. ಕಪ್ ಎಂಬ ಪ್ರಸಿದ್ಧ ಪಾರಿತೋಷಕದ ಮೊದಲ ಅಂತಿಮ ಪಂದ್ಯ ೧೮೭೨ರ ಮಾರ್ಚ್ ೧೬ರಂದು ಇಲ್ಲಿ ನಡೆಯಿತು. ಆಡಿದವರು ಶ್ರೀಮಂತ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಮತ್ತು ಸೇನಾಧಿಕಾರಿಗಳು. ಒಂಬತ್ತು ವರ್ಷಗಳ ತರುವಾಯ, ೧೮೮೧ರ ಮಾರ್ಚ್ ೧೨ರಂದು, ಇದೇ ನೆಲದಲ್ಲಿ ಸ್ಕಾಟ್ಲೆಂಡ್ ತಂಡವು ಇಂಗ್ಲೆಂಡನ್ನು ಆರು–ಒಂದರಿಂದ ಸೋಲಿಸಿತು. ಸ್ಕಾಟ್ಲೆಂಡಿನ ನಾಯಕ ಆಂಡ್ರೂ ವಾಟ್ಸನ್. ಅಂದಿನ ಬ್ರಿಟಿಷ್ ಗಯಾನದಲ್ಲಿ ಕಪ್ಪು ತಾಯಿಯ ಮಗನಾಗಿ ಹುಟ್ಟಿದ ಆತನೇ ದೇಶವೊಂದರ ಪರವಾಗಿ ಕಾಲ್ಚೆಂಡಾಡಿದ ಮೊದಲ ಕಪ್ಪು ವರ್ಣದ ಆಟಗಾರನೆಂದು ಪರಿಗಣಿತನಾಗಿದ್ದಾನೆ. ವರ್ಣಭೇದದ ಆ ಕಾಲದಲ್ಲಿ ಬಿಳಿಯರ ತಂಡ ಅವನ ಹಿಂದೆ ನಡೆಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಇನ್ನೆರಡು ವರ್ಷಕ್ಕೆ, ೧೮೮೩ರ ಮಾರ್ಚ್ ೩೧ರಂದು, ಮತ್ತೊಂದು ಅಂತಿಮ ಪಂದ್ಯ. ಒಂದು ಕಡೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು. ಕಪ್ ಅವರ ಕೈಯಲ್ಲೇ ಇತ್ತು. ಇನ್ನೊಂದು ಕಡೆ ಲ್ಯಾಂಕಷೈರಿನ ಹತ್ತಿಗಿರಣಿಗಳ ಊರಿನಿಂದ ಬಂದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ. ಅದರಲ್ಲಿದ್ದವರು ನೇಕಾರರು, ನೂಲು ತೆಗೆಯುವವರು, ಕೊಳಾಯಿ ಕೆಲಸದವರು, ಕಬ್ಬಿಣದ ಎರಕದ ಕೆಲಸಗಾರರು. ಊರಿನ ಎರಕದ ಕಾರ್ಖಾನೆಯ ಒಡೆಯನೊಬ್ಬ ಖರ್ಚು ಕೊಟ್ಟು, ಪಂದ್ಯಕ್ಕೆ ಮೊದಲು ಅವರನ್ನು ಕೆಲವು ದಿನ ಬ್ಲ್ಯಾಕ್‌ಪೂಲ್ ಕಡಲತೀರದಲ್ಲಿಟ್ಟು ಸಾಧನೆ ಮಾಡಿಸಿದ್ದನು. ಆಟ ಒಂದು–ಒಂದು ಸಮನಾಗಿ, ಹೆಚ್ಚುವರಿ ಅವಧಿಗೆ ಹೋಯಿತು. ಚೆಂಡನ್ನು ಮೈದಾನದ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸಿದಾಗ ಗಿರಣಿಯ ನೂಲುಗಾರ ಕಾಸ್ಟ್ಲಿ ಗೆಲುವಿನ ಗೋಲು ಹೊಡೆದನು. ಆ ದಿನದ ನಂತರ ಶ್ರೀಮಂತ ಶಾಲೆಗಳ ಹಳೆಯ ವಿದ್ಯಾರ್ಥಿಗಳ ತಂಡವೊಂದು ಆ ಕಪ್ಪನ್ನು ಮತ್ತೆಂದೂ ಗೆಲ್ಲಲಿಲ್ಲ.

ಈ ಗೆಲುವಿನ ಹಿಂದೆ ಒಂದು ಕಾಯಿದೆಯಿದೆ. ೧೮೫೦ರ ಕಾರ್ಖಾನೆ ಕಾಯಿದೆಯು ಹೆಂಗಸರು ಮತ್ತು ಕಿರಿವಯಸ್ಸಿನವರು ದುಡಿಯುವ ಗಿರಣಿಗಳು ಶನಿವಾರ ಮಧ್ಯಾಹ್ನ ಎರಡಕ್ಕೆ ಕೆಲಸ ನಿಲ್ಲಿಸಬೇಕೆಂದು ವಿಧಿಸಿತು. ದುಡಿಯುವವನಿಗೆ ವಾರದಲ್ಲಿ ಅರ್ಧ ದಿನ ತನ್ನದೆಂಬುದು ದೊರೆಯಿತು. ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆಯೆಂದರೆ ಕಾಲ್ಚೆಂಡು ಎಂಬ ರೂಢಿ ಬೆಳೆದದ್ದು ಆ ಅರ್ಧ ದಿನದಿಂದ. ಮುಂದಿನ ಪ್ರಶ್ನೆ ಕೂಲಿಯದು. ಆಟಕ್ಕಾಗಿ ಗಿರಣಿ ಬಿಟ್ಟವನಿಗೆ ಆ ದಿನದ ಸಂಬಳ ಹೋಗುತ್ತಿತ್ತು. ಹಣ ಪಡೆದು ಆಡುವುದು ಹೀನವೆಂದು ಉಳ್ಳವರು ಹೇಳುತ್ತಿದ್ದರು. ೧೮೮೪ರಲ್ಲಿ ಪ್ರೆಸ್ಟನ್ ತಂಡದ ಮುಖ್ಯಸ್ಥ ವಿಲಿಯಂ ಸುಡೆಲ್ ತಾನು ಆಟಗಾರರಿಗೆ ಹಣ ಕೊಡುತ್ತಿರುವುದನ್ನು ಬಹಿರಂಗವಾಗಿ ಒಪ್ಪಿಕೊಂಡನು; ಆ ತಂಡವನ್ನು ಕಪ್ಪಿನಿಂದ ಹೊರಗೆ ಹಾಕಿದರು. ಆದರೆ ಮರುವರ್ಷ, ೧೮೮೫ರ ಜುಲೈನಲ್ಲಿ, ಸಂಘವೇ ಮಣಿದು ವೇತನವನ್ನು ಮಾನ್ಯ ಮಾಡಿತು. ಕಾಯಕಕ್ಕೆ ಪ್ರತಿಫಲ ಪಡೆಯುವುದು ಹೀನವಲ್ಲ ಎಂಬ ಮಾತನ್ನು ಆ ನಾಡು ಆಟದ ಬಯಲಿನಲ್ಲಿಯೂ ಒಪ್ಪಬೇಕಾಯಿತು.

ಮುಚ್ಚಿದ ಬಾಗಿಲು

ಇಲ್ಲಿಗೇ ಕಥೆ ಮುಗಿದಿದ್ದರೆ ಶುಭಾಂತವೆನ್ನಬಹುದಿತ್ತು. ಆದರೆ ಯಾತ್ರಿಕನು ಪ್ರೆಸ್ಟನ್ ನಗರಕ್ಕೆ ಹೋಗಲೇಬೇಕು. ೧೮೮೮ರಲ್ಲಿ ಆರಂಭವಾದ ಲೀಗ್ ಪಂದ್ಯಾವಳಿಯ ಮೊದಲ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದ ತಂಡದ ನೆಲೆಯಾದ ಡೀಪ್‌ಡೇಲ್ ಕ್ರೀಡಾಂಗಣ ಅಲ್ಲಿದೆ. ನಾವು ನೆನೆಯಬೇಕಾದವರು ಆ ವೀರರನ್ನಷ್ಟೇ ಅಲ್ಲ.

ಮೊದಲ ಮಹಾಯುದ್ಧದ ಕಾಲ. ಗಂಡಸರು ರಣರಂಗಕ್ಕೆ ಹೋಗಿದ್ದರು. ಪ್ರೆಸ್ಟನ್ನಿನ ಡಿಕ್, ಕೆರ್ ಎಂಬ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ಮದ್ದುಗುಂಡು ತಯಾರಿಸುತ್ತಿದ್ದರು. ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದ ಅವರು ಒಂದು ತಂಡ ಕಟ್ಟಿದರು. ೧೯೧೭ರ ಕ್ರಿಸ್‌ಮಸ್ ದಿನ ಡೀಪ್‌ಡೇಲ್‌ನಲ್ಲಿ ಅವರ ಪಂದ್ಯ ನೋಡಲು ಹತ್ತು ಸಾವಿರ ಜನ ಬಂದರು. ಕೂಡಿದ ಹಣ ಗಾಯಾಳು ಸೈನಿಕರ ಆಸ್ಪತ್ರೆಗೆ ಹೋಯಿತು. ದುಡಿಮೆಯ ಮೇಲೆ ಆಟ, ಆಟದಿಂದ ಬಂದುದು ಆರ್ತರಿಗೆ: ಕಾಯಕ ಮತ್ತು ದಾಸೋಹಗಳ ಅರ್ಥ ಅವರಿಗೆ ಯಾರೂ ಬೋಧಿಸದೆಯೇ ತಿಳಿದಿತ್ತು. ೧೯೨೦ರ ಡಿಸೆಂಬರ್ ೨೬ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರು ಸೇಂಟ್ ಹೆಲೆನ್ಸ್ ತಂಡದೊಡನೆ ಆಡಿದಾಗ ಸುಮಾರು ಐವತ್ತಮೂರು ಸಾವಿರ ಪ್ರೇಕ್ಷಕರು ಒಳಗಿದ್ದರು. ಸ್ಥಳ ಸಾಲದೆ ಸಾವಿರಾರು ಮಂದಿ ಹೊರಗುಳಿದರು.

ಒಂದು ವರ್ಷವೂ ತುಂಬಲಿಲ್ಲ. ೧೯೨೧ರ ಡಿಸೆಂಬರ್ ೫ರಂದು ಇಂಗ್ಲೆಂಡಿನ ಕಾಲ್ಚೆಂಡು ಸಂಘವು ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ನಿರ್ಣಯಿಸಿತು. ಧರ್ಮಾರ್ಥವಾಗಿ ಕೂಡಿಸಿದ ಹಣದಲ್ಲಿ ಬಹುಪಾಲು ಖರ್ಚಿಗೇ ಹೋಗುತ್ತಿದೆಯೆಂಬ ಆಪಾದನೆಯನ್ನೂ ಹೊರಿಸಿ, ತನ್ನ ಅಧೀನದ ಯಾವ ಮೈದಾನವನ್ನೂ ಅವರಿಗೆ ಕೊಡಕೂಡದೆಂದು ಸಂಘಗಳಿಗೆ ಆಜ್ಞಾಪಿಸಿತು. ಅರಸರು ಹಿಂದೆ ಪ್ರಜೆಗಳಿಗೆ ಮಾಡಿದ್ದನ್ನೇ ಪ್ರಜೆಗಳ ಸಂಘ ಹೆಣ್ಣುಮಕ್ಕಳಿಗೆ ಮಾಡಿತು. ಆ ನಿಷೇಧ ಪೂರಾ ತೆರವಾಗುವ ಹೊತ್ತಿಗೆ ೧೯೭೦ರ ದಶಕ ಬಂದಿತ್ತು. ಅಂದರೆ ಸುಮಾರು ಅರ್ಧ ಶತಮಾನ! ಎರಡು ತಲೆಮಾರಿನ ಹೆಣ್ಣುಮಕ್ಕಳು ಆಡದೆಯೇ ಮುದುಕಿಯರಾದರು. ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು?

ಆದರೂ ಕೆಲವರು ಬಿಡಲಿಲ್ಲ. ಸೇಂಟ್ ಹೆಲೆನ್ಸ್‌ನಲ್ಲಿ ೧೯೦೫ರಲ್ಲಿ ಹುಟ್ಟಿದ ಲಿಲಿ ಪಾರ್ ಹದಿಹರೆಯದಲ್ಲೇ ಪ್ರೆಸ್ಟನ್ ತಂಡ ಸೇರಿ ೧೯೫೧ರವರೆಗೆ ಆಡಿದಳು. ನಿಷೇಧದ ವರ್ಷಗಳಲ್ಲಿ ಆ ತಂಡ ಸಿಕ್ಕ ಸಿಕ್ಕ ಬಯಲಿನಲ್ಲಿ ಆಡಿತು. ೧೯೨೨ರಲ್ಲಿ ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳನ್ನು ಎದುರಿಸಿತು. ಲಿಲಿ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಸೇವೆ ಮಾಡುತ್ತಲೇ ಆಟವನ್ನು ಉಳಿಸಿಕೊಂಡಳು. ಮ್ಯಾಂಚೆಸ್ಟರ್ ನಗರದಲ್ಲಿ ೨೦೧೨ರಿಂದ ನೆಲೆಗೊಂಡಿರುವ ರಾಷ್ಟ್ರೀಯ ಕಾಲ್ಚೆಂಡು ವಸ್ತುಸಂಗ್ರಹಾಲಯದಲ್ಲಿ ೨೦೧೯ರಲ್ಲಿ ಅವಳ ಕಂಚಿನ ಮೂರ್ತಿಯನ್ನು ನಿಲ್ಲಿಸಿದರು. ಬ್ರಿಟನ್ನಿನಲ್ಲಿ ಕಾಲ್ಚೆಂಡಾಡಿದ ಮಹಿಳೆಯೊಬ್ಬಳಿಗೆ ಸಂದ ಮೊದಲ ಪ್ರತಿಮೆ ಅದು. ೨೦೨೨ರ ಜುಲೈ ೩೧ರಂದು ಯೂರೋಪಿನ ಮಹಿಳಾ ಪ್ರಶಸ್ತಿಗಾಗಿ ಇಂಗ್ಲೆಂಡ್ ಜರ್ಮನಿಯನ್ನು ಸೋಲಿಸಿದಾಗ ವೆಂಬ್ಲಿಯಲ್ಲಿದ್ದ ಪ್ರೇಕ್ಷಕರ ಸಂಖ್ಯೆ ೮೭,೧೯೨. ತಕ್ಕುದೋ ಅಲ್ಲವೋ ಎಂಬ ಪ್ರಶ್ನೆಗೆ ಜನರೇ ಉತ್ತರ ಕೊಟ್ಟರು.

ನಮ್ಮ ಅಂಗಳಕ್ಕೆ

ಈ ಆಟವನ್ನು ನಮ್ಮ ದೇಶಕ್ಕೆ ತಂದವರು ಆಂಗ್ಲ ಸೈನಿಕರು ಮತ್ತು ವರ್ತಕರು. ಅವರ ಆಟದಿಂದಲೇ ಅವರಿಗೆ ಉತ್ತರ ಕೊಟ್ಟ ದಿನ ೧೯೧೧ರ ಜುಲೈ ೨೯. ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಎರಡು–ಒಂದರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಿತು. ಹನ್ನೊಂದು ಮಂದಿಯಲ್ಲಿ ಹತ್ತು ಜನ ಬರಿಗಾಲಿನಲ್ಲಿದ್ದರು. ನಮ್ಮ ನಾಡಿನ ಪಾಲೂ ಕಡಿಮೆಯದಲ್ಲ. ೧೮೯೧ರಲ್ಲಿ ಆರಂಭವಾಗಿ ಸೈನಿಕ ತಂಡಗಳ ಸೊತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮೈಸೂರು ರಾಜ್ಯದ ಹೆಸರಿನಲ್ಲಿ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದ ನಮ್ಮ ತಂಡ, ಐವತ್ತನಾಲ್ಕು ವರ್ಷಗಳ ಬಳಿಕ, ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಮೇಘಾಲಯವನ್ನು ಮೂರು–ಎರಡರಿಂದ ಸೋಲಿಸಿ ಅದನ್ನು ಮತ್ತೆ ತಂದಿತು. ಕ್ರಿಕೆಟ್ಟಿನ ಗದ್ದಲದಲ್ಲಿ ಈ ಸುದ್ದಿ ನಮ್ಮ ಎಷ್ಟು ಮನೆಗಳಿಗೆ ಮುಟ್ಟಿತೋ!

ಹೋಗುವವರಿಗೆ ಕೆಲವು ಮಾತು

ಮೇಲೆ ಹೇಳಿದ್ದು ಕಾಲಕ್ರಮದ ದಾರಿ. ರೈಲಿನ ದಾರಿ ಬೇರೆ. ಲಂಡನ್ನಿನಲ್ಲಿ ಪುತ್ಥಳಿ, ಓವಲ್ ಮತ್ತು ಗ್ರೇಟ್ ಕ್ವೀನ್ ಬೀದಿಗಳನ್ನು ಒಂದೇ ದಿನದಲ್ಲಿ ನೋಡಬಹುದು. ಅಲ್ಲಿಯ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಡರ್ಬಿ, ಶೆಫೀಲ್ಡ್‌ಗಳಿಗೆ ನೇರ ರೈಲುಗಳಿವೆ. ಶೆಫೀಲ್ಡಿನಿಂದ ಮ್ಯಾಂಚೆಸ್ಟರ್, ಅಲ್ಲಿಂದ ಪ್ರೆಸ್ಟನ್ ಹೆಚ್ಚು ದೂರವಲ್ಲ. ನಾಲ್ಕು ದಿನಗಳಿದ್ದರೆ ಅವಸರವಿಲ್ಲದೆ ಮುಗಿಯುತ್ತದೆ. ಆಶ್‌ಬೋರ್ನ್ ಆಟದ ದಿನಗಳಲ್ಲಿ ತಂಗಲು ಸ್ಥಳ ಸಿಗುವುದು ಕಷ್ಟವಾದುದರಿಂದ ಡರ್ಬಿಯಲ್ಲಿ ಉಳಿದು ಹಗಲು ಹೋಗಿ ಬರುವುದು ಒಳ್ಳೆಯದು. ಉಣ್ಣೆಯ ಉಡುಪು, ಕೆಸರಿಗೆ ತಕ್ಕ ಬೂಟು ಅವಶ್ಯ. ಶಾಕಾಹಾರಕ್ಕೆ ನಗರಗಳಲ್ಲಿ ಈಗ ತೊಂದರೆಯಿಲ್ಲ. ಸಣ್ಣ ಊರುಗಳಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮ ಹಿರಿಯರು ಕಲಿಸಿದ ಜಾಣತನ. ಸ್ಯಾಂಡಿಗೇಟ್‌ಗೆ ಪಂದ್ಯವಿರುವ ಶನಿವಾರವೇ ಹೋಗಬೇಕು. ಬರಿಯ ಹುಲ್ಲಿಗಿಂತ ಅದರ ಮೇಲೆ ಓಡುವ ಸ್ಥಳೀಯ ಹುಡುಗರೇ ಆ ಕ್ಷೇತ್ರದ ದರ್ಶನ.

ಇಷ್ಟು ದೂರ ಹೋಗಲಾಗದವರು ಹೆಚ್ಚಿನದೇನನ್ನೂ ಕಳೆದುಕೊಂಡಂತಾಗುವುದಿಲ್ಲ. ಏಕೆಂದರೆ ಆ ಯಾತ್ರೆಯ ಫಲವನ್ನು ಕಾಣಬೇಕಾದ ಸ್ಥಳ ನಮ್ಮ ಊರಿನ ಶಾಲೆಯ ಬಯಲು. ಸಂಜೆ ಅಲ್ಲಿ ಆಡುತ್ತಿರುವವರು ಯಾರು ಎಂದು ಒಮ್ಮೆ ನಿಂತು ನೋಡಬೇಕು. ಗಂಡುಮಕ್ಕಳು ಮಾತ್ರವೇ? ಕೂಲಿಕಾರನ ಮಗನೂ ಅದರಲ್ಲಿದ್ದಾನೆಯೇ? ಹತ್ತನೆಯ ತರಗತಿಗೆ ಬಂದೊಡನೆ ಪಾಠದ ನೆಪದಿಂದ, ದೊಡ್ಡವಳಾದೊಡನೆ ಮರ್ಯಾದೆಯ ನೆಪದಿಂದ ಹೆಣ್ಣುಮಗಳನ್ನು ಬಯಲಿನಿಂದ ಒಳಗೆ ಕರೆಯುವ ತಾಯಿತಂದೆಯರು, ಅಜ್ಜ ಅಜ್ಜಿಯರು ೧೯೨೧ರ ಆ ಸಭೆಯವರಿಗಿಂತ ಬೇರೆಯೇನೂ ಅಲ್ಲ. ಹೆಣ್ಣಿಗೆ ಗಂಡಿನ ಸಮಕ್ಕೆ ಪೀಠವಿತ್ತವರ ವಂಶದವರೆಂದು ಹೇಳಿಕೊಳ್ಳುವ ನಾವು ಅವಳಿಗೆ ಸಂಜೆಯ ಒಂದು ಗಂಟೆಯನ್ನೂ ಒಂದು ಜೊತೆ ಬೂಟನ್ನೂ ಕೊಡಲಾರದಷ್ಟು ಬಡವರಲ್ಲ. ಊರಿನ ಬಯಲಿಗೆ ಬೇಲಿ ಬೀಳದಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ. ಚೆಂಡಿನ ಬೆಲೆ ಹೆಚ್ಚೇನಲ್ಲ. ಮನೆಗೊಂದು ತಂದಿಟ್ಟರೆ ಮಕ್ಕಳೇ ಮಿಕ್ಕ ದಾರಿಯನ್ನು ಕಂಡುಕೊಳ್ಳುತ್ತಾರೆ.